‘ಏನೂ ಕಾಣಲಿಲ್ಲ’ ಎಂದು ಬರೆದಿಟ್ಟವರು

ನವೆಂಬರ್ ತಿಂಗಳಲ್ಲಿ ನಾವು ಮೃತರನ್ನು ನೆನೆಯುತ್ತೇವೆ. ಮನೆಯವರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಪೂಜೆಗೆ ಕೊಡುತ್ತೇವೆ. ಆದರೆ ನಮ್ಮ ಬಂಧುಗಳಲ್ಲದೆ, ಯಾರೂ ಕೇಳದೆ, ಸಂಬಳವಿಲ್ಲದೆ ವರ್ಷಗಟ್ಟಲೆ ದುಡಿದು ಹೋದವರ ಹೆಸರು ಆ ಚೀಟಿಯಲ್ಲಿ ಬರುವುದು ಅಪರೂಪ. ಈ ವಾರ ಅಂಥ ಒಬ್ಬರ ಬಾಳನ್ನು ಪಾಠವಾಗಿ ತೆಗೆದುಕೊಳ್ಳೋಣ. ಅವರು ನಮ್ಮ ನಾಡಿನವರಲ್ಲ, ದೂರದ ನ್ಯೂಜಿಲೆಂಡಿನವರು.

ಆಲ್ಬರ್ಟ್ ಜೋನ್ಸ್ ಹುಟ್ಟಿದ್ದು 1920ರಲ್ಲಿ, ತೀರಿಕೊಂಡದ್ದು 2013ರಲ್ಲಿ. ಹೊಟ್ಟೆಪಾಡಿಗೆ ಅವರು ಹಿಟ್ಟಿನ ಗಿರಣಿಯಲ್ಲಿ ದುಡಿದರು, ದಿನಸಿ ಅಂಗಡಿ ನಡೆಸಿದರು, ಕಾರು ಜೋಡಿಸುವ ಕಾರ್ಖಾನೆಯಲ್ಲೂ ಕೆಲಸ ಮಾಡಿದರು. ರಾತ್ರಿಯಾದರೆ ಹಿತ್ತಲಲ್ಲಿ ದೂರದರ್ಶಕದ ಮುಂದೆ ಕೂರುತ್ತಿದ್ದರು. ಅದು ಅವರ ಹವ್ಯಾಸ.

ಆಕಾಶದಲ್ಲಿ ಕೆಲವು ನಕ್ಷತ್ರಗಳ ಬೆಳಕು ಸ್ಥಿರವಲ್ಲ. ಮೀರಾ ಎಂಬ ನಕ್ಷತ್ರ ಸುಮಾರು 11 ತಿಂಗಳಿಗೊಮ್ಮೆ ಬರಿಗಣ್ಣಿಗೆ ಕಾಣುವಷ್ಟು ಬೆಳಗಿ, ಮತ್ತೆ ಕಾಣದಷ್ಟು ಮಂಕಾಗುತ್ತದೆ. ಇಂಥ ಸಾವಿರಾರು ನಕ್ಷತ್ರಗಳನ್ನು ದಶಕಗಳ ಕಾಲ ನೋಡುತ್ತಾ ಕೂರಲು ದೊಡ್ಡ ವೀಕ್ಷಣಾಲಯಗಳಿಗೆ ಬಿಡುವೆಲ್ಲಿ? ಆದ್ದರಿಂದ ಹವ್ಯಾಸಿಗಳ ಬಳಗಗಳೇ ಈ ಕೆಲಸವನ್ನು ಹೊತ್ತುಕೊಂಡವು. ಅಮೆರಿಕದಲ್ಲಿ 1911ರಲ್ಲೇ ಅಂಥ ಸಂಘವೊಂದು ಹುಟ್ಟಿತು. ನ್ಯೂಜಿಲೆಂಡಿನಲ್ಲೂ ಒಂದು ವಿಭಾಗವಿತ್ತು. ಮಾಡಬೇಕಾದದ್ದು ಇಷ್ಟೇ: ಆ ನಕ್ಷತ್ರದ ಪಕ್ಕದಲ್ಲಿ, ಪ್ರಕಾಶ ಗೊತ್ತಿರುವ ಎರಡು ನಕ್ಷತ್ರಗಳನ್ನು ಆರಿಸಿಕೊಳ್ಳಬೇಕು. ಒಂದು ಹೆಚ್ಚು ಬೆಳಕಿನದು, ಒಂದು ಕಡಿಮೆ ಬೆಳಕಿನದು. ಇವೆರಡರ ನಡುವೆ ಅದು ಎಲ್ಲಿ ನಿಲ್ಲುತ್ತದೆಂದು ಕಣ್ಣಳತೆಯಲ್ಲಿ ನಿರ್ಧರಿಸಿ, ಹೊತ್ತು ಗೊತ್ತು ಸಹಿತ ಬರೆದು ಬಳಗಕ್ಕೆ ಕಳುಹಿಸಬೇಕು.

ಜೋನ್ಸ್‌ರವರು ಹೀಗೆ ಬರೆದ ಅಳತೆಗಳು 5 ಲಕ್ಷಕ್ಕೂ ಹೆಚ್ಚು. ಲೆಕ್ಕ ಹಾಕಿ ನೋಡಿ: ದಿನಕ್ಕೆ 20ರಂತೆ ಒಂದು ದಿನವೂ ತಪ್ಪದೆ ಬರೆದರೂ 68 ವರ್ಷ ಬೇಕು! ಮೋಡ, ಮಳೆ, ಜ್ವರ, ನೆಂಟರಿಷ್ಟರು ಅವರಿಗೂ ಇದ್ದಿರಲೇಬೇಕಲ್ಲ.

1987ರ ಫೆಬ್ರವರಿಯಲ್ಲಿ ಅಪೂರ್ವ ಸಂಗತಿಯೊಂದು ನಡೆಯಿತು. ದಕ್ಷಿಣದ ಆಕಾಶದಲ್ಲಿ ನಕ್ಷತ್ರವೊಂದು ಸಿಡಿದು ಬರಿಗಣ್ಣಿಗೆ ಕಾಣಿಸಿತು. 1604ರ ನಂತರ ಇಂಥದ್ದು ಅದೇ ಮೊದಲು. ಚಿಲಿ ದೇಶದ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿದ್ದವರು ಅದನ್ನು ಕಂಡರು. ಹಿತ್ತಲಿನ ಜೋನ್ಸ್‌ರವರೂ ತಾವಾಗಿಯೇ ಕಂಡುಹಿಡಿದರು. ಆದರೆ ನನ್ನ ಮನಸ್ಸನ್ನು ಮುಟ್ಟಿದ್ದು ಅದರ ಹಿಂದಿನ ರಾತ್ರಿಯ ಸಂಗತಿ. ಆ ರಾತ್ರಿಯೂ ಅವರು ಅದೇ ಜಾಗವನ್ನು ನೋಡಿದ್ದರು. ಹೊಸದೇನೂ ಕಾಣಲಿಲ್ಲ. ಸಿಡಿತದ ಕ್ಷಣದಲ್ಲಿ ಹೊರಟ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳನ್ನು ಜಪಾನ್ ಮತ್ತು ಅಮೆರಿಕದ ನೆಲದಡಿಯ ಉಪಕರಣಗಳು ಹಿಡಿದಿದ್ದವು. ಅದಾಗಿ ಸುಮಾರು ಎರಡು ಗಂಟೆಯ ನಂತರ ಜೋನ್ಸ್ ನೋಡಿದಾಗಲೂ ಬೆಳಕು ಕಂಡಿರಲಿಲ್ಲ. ಸಿಡಿತಕ್ಕೂ ಬೆಳಕು ಹೊರಬೀಳುವುದಕ್ಕೂ ನಡುವೆ ಹೊತ್ತು ಹಿಡಿಯುತ್ತದೆ ಎಂಬುದನ್ನು ತಿಳಿಯಲು ಆ ‘ಕಾಣಲಿಲ್ಲ’ ಎಂಬ ಮಾತೇ ವಿಜ್ಞಾನಿಗಳಿಗೆ ಆಧಾರವಾಯಿತು.

ಫಲ ಕಾಣದ ರಾತ್ರಿಯೂ ಲೆಕ್ಕಕ್ಕೆ ಬಂತು! ಮಕ್ಕಳಿಗೆ ಸಂಜೆಯ ಜಪಸರ ಕಲಿಸಿ ಕಲಿಸಿ ಬೇಸತ್ತ ತಾಯಂದಿರು, ನಾಲ್ಕೇ ಮಕ್ಕಳು ಬಂದರೂ ಭಾನುವಾರದ ಧರ್ಮೋಪದೇಶ ತರಗತಿ ನಡೆಸುವವರು ಇದನ್ನು ಎರಡು ಬಾರಿ ಓದಲಿ. ಅಲ್ಪವಾದುದರಲ್ಲಿ ನಂಬಿಗಸ್ತನಾಗಿರುವವನ ಬಗ್ಗೆ ಯೇಸುಸ್ವಾಮಿ ಆಡಿದ ಮಾತನ್ನು ಲೂಕನ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಕಾಣಬಹುದು. ನಜರೇತಿನಲ್ಲಿ ಆ ಪ್ರಭುವೇ ಕಳೆದ ಮೂವತ್ತು ವರ್ಷಗಳ ಬಗ್ಗೆ ಶುಭಸಂದೇಶಕಾರರು ಬರೆದದ್ದು ಎಷ್ಟು ಸ್ವಲ್ಪ!

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ‘ಮೌನವಾಗಿ ದುಡಿಯುವವರಿಗೆ ಹೊಗಳಿಕೆ ಬೇಡ’ ಎಂದು ನಾವು ಹೇಳುವುದು ಬಹುಪಾಲು ನಮ್ಮ ಅನುಕೂಲಕ್ಕೆ. ದೇವಾಲಯದ ಟ್ಯೂಬ್‌ಲೈಟಿನ ಮೇಲೂ ದಾನಿಯ ಹೆಸರು ಬರೆಸುತ್ತೇವೆ. ಆ ದೀಪವನ್ನು ದಿನವೂ ಬೆಳಿಗ್ಗೆ ಐದಕ್ಕೆ ಬಂದು ಹಾಕುವವರನ್ನು ಹೆಸರು ಹಿಡಿದು ಮಾತನಾಡಿಸುವುದಿಲ್ಲ. ಬಲಿಪೀಠದ ಬಟ್ಟೆ ಒಗೆದು ಇಸ್ತ್ರಿ ಮಾಡುವವರು ಒಂದು ವಾರ ಬರದಿದ್ದರೆ ಮಾತ್ರ ‘ಎಲ್ಲಿ ಹೋದರು?’ ಎನ್ನುತ್ತೇವೆ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ಬೋಧನೆ ಕೊಡುವವನಿಗೆ ಹೇಳಿದ್ದು. ಪಡೆದವನು ಮರೆಯಬಹುದೆಂದು ಅದರ ಅರ್ಥವಲ್ಲ.

ನ್ಯೂಜಿಲೆಂಡಿನವರು ಮರೆಯಲಿಲ್ಲ. ವೆಲಿಂಗ್ಟನ್ನಿನ ವಿಶ್ವವಿದ್ಯಾನಿಲಯ 2004ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕ್ಷುದ್ರಗ್ರಹವೊಂದಕ್ಕೂ ಅವರ ಹೆಸರಿದೆ. ಅವರು 1946ರಲ್ಲಿ ಒಂದು ಧೂಮಕೇತುವನ್ನು ಕಂಡುಹಿಡಿದಿದ್ದರು; ಎರಡನೆಯದನ್ನು ಕಂಡದ್ದು 2000ದಲ್ಲಿ, ತಮ್ಮ 80ನೇ ವಯಸ್ಸಿನಲ್ಲಿ. ಎರಡರ ನಡುವೆ 54 ವರ್ಷ!

ಮನೆಯಲ್ಲಿ ಮಾಡಿ ನೋಡಿ: ಈ ತಿಂಗಳ ಚೀಟಿಯಲ್ಲಿ, ನಿಮ್ಮ ಧರ್ಮಕೇಂದ್ರಕ್ಕೆ ಸದ್ದಿಲ್ಲದೆ ದುಡಿದು ತೀರಿಕೊಂಡ ಒಬ್ಬರ ಹೆಸರನ್ನೂ ಸೇರಿಸಿ. ಹೆಸರು ನೆನಪಿಗೆ ಬಾರದಿದ್ದರೆ ಹಿರಿಯರನ್ನು ಕೇಳಿ. ಊಟವಾದ ಮೇಲೆ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಪೂರ್ವದಲ್ಲಿ ರೋಹಿಣಿಯನ್ನೂ ಅದರ ನಂತರ ಮೂಡುವ ಆರ್ದ್ರೆಯನ್ನೂ ತೋರಿಸಿ. ಎರಡೂ ಕೆಂಬಣ್ಣದವು. ಆರ್ದ್ರೆಯ ಬೆಳಕು ಹೆಚ್ಚುಕಡಿಮೆಯಾಗುತ್ತದೆ. 2020ರ ಆರಂಭದಲ್ಲಿ ಅದು ರೋಹಿಣಿಗಿಂತಲೂ ಮಂಕಾಗಿತ್ತು. ಇಂದು ಯಾವುದು ಹೆಚ್ಚು ಬೆಳಗುತ್ತಿದೆ ಎಂದು ಮಕ್ಕಳೇ ನೋಡಿ, ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯಲಿ. ಮೋಡವಿದ್ದರೆ ‘ಮೋಡ, ಏನೂ ಕಾಣಲಿಲ್ಲ’ ಎಂದು ಬರೆಯಲಿ.