ಆಟದ ಗಣಕಯಂತ್ರದ ಜೀರ್ಣೋದ್ಧಾರ: ಒಂದು ವಿವೇಚನೆ

ಎಂಟು ಹತ್ತು ವರ್ಷಗಳ ಹಿಂದೆ ಮಿತವಾದ ಹಣದಲ್ಲಿ, ಮುಖ್ಯವಾಗಿ ಮಕ್ಕಳ ಆಟಕ್ಕೆಂದು, ಬಿಡಿಭಾಗಗಳನ್ನು ಕೊಂಡು ಜೋಡಿಸಿದ ಗಣಕಯಂತ್ರಗಳು ಈಗ ನಮ್ಮ ಅನೇಕ ಮನೆಗಳಲ್ಲಿ ವೃದ್ಧಾಪ್ಯವನ್ನು ಮುಟ್ಟಿವೆ. ಆಟಕ್ಕೆಂದು ತಂದುದಾದರೂ ಅದೇ ಯಂತ್ರದಲ್ಲಿ ಮಗನು ಪ್ರೋಗ್ರಾಮಿಂಗ್ ಕಲಿತಿರುತ್ತಾನೆ, ಮಗಳು ಕಾಲೇಜಿನ ಪ್ರಬಂಧವನ್ನು ಸಿದ್ಧಪಡಿಸಿರುತ್ತಾಳೆ, ತಂದೆಯವರು ವರಮಾನ ತೆರಿಗೆಯ ಲೆಕ್ಕ ಸಲ್ಲಿಸಿರುತ್ತಾರೆ. ಆದುದರಿಂದ ಅದು ಮಂದವಾದಾಗ ಏಳುವ ಪ್ರಶ್ನೆ ಕೇವಲ ಆಟದ ಪ್ರಶ್ನೆಯಲ್ಲ. ಒಂದೆರಡು ಭಾಗಗಳನ್ನು ಬದಲಾಯಿಸಿ ಇನ್ನೂ ಮೂರು ನಾಲ್ಕು ವರ್ಷ ನಡೆಸುವುದೋ, ಇಲ್ಲವೇ ಹೊಸದನ್ನೇ ಕೊಳ್ಳುವುದೋ? ಸಾಧಾರಣ ವರಮಾನದ ಕುಟುಂಬಕ್ಕೆ ಇದು ತಿಂಗಳ ಸಂಬಳವನ್ನು ಮೀರಬಹುದಾದ ಮಾತು. ಹಣವೇನೋ ಖರ್ಚಾಗಿ ಯಂತ್ರವು ಮಾತ್ರ ಇದ್ದಲ್ಲಿಯೇ ಇರುವ ಪ್ರಸಂಗಗಳು ವಿರಳವಲ್ಲವಾದ್ದರಿಂದ ಈ ವಿಷಯವನ್ನು ಸ್ವಲ್ಪ ಕ್ರಮವಾಗಿ ವಿಚಾರಿಸುವುದು ಯುಕ್ತವೆಂದು ತೋರುತ್ತದೆ.

ಒಂದು ನಿರ್ದಿಷ್ಟ ಯಂತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2017ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಾಗಲಿ, ಜಿಲ್ಲಾ ಕೇಂದ್ರದ ಮಳಿಗೆಯಲ್ಲಾಗಲಿ ಜೋಡಿಸಿಕೊಟ್ಟ ಯಂತ್ರವದು. ಅದರೊಳಗೆ ಇಂಟೆಲ್ ಕೋರ್ ಐ5-7400 ಪ್ರೊಸೆಸರ್, 8 ಜಿ.ಬಿ.ಯ ಒಂದೇ ರ‍್ಯಾಮ್ ಪಟ್ಟಿ, 1 ಟಿ.ಬಿ. ಹಾರ್ಡ್ ಡಿಸ್ಕ್, ಎನ್ವಿಡಿಯಾ ಜಿಟಿಎಕ್ಸ್ 1050 ಟಿಐ ಎಂಬ 4 ಜಿ.ಬಿ. ಗ್ರಾಫಿಕ್ಸ್ ಕಾರ್ಡ್, ಮತ್ತು ಕ್ಯಾಬಿನೆಟ್ಟಿನ ಜೊತೆಗೇ ಬಂದ ಒಂದು ಎಸ್.ಎಂ.ಪಿ.ಎಸ್. ಇವೆಯೆಂದು ಭಾವಿಸೋಣ. ಆಟದ ನಿಯಮ, ಪಾತ್ರಗಳ ಚಲನೆ, ಶತ್ರುವಿನ ಎಣಿಕೆ ಇವೆಲ್ಲ ಪ್ರೊಸೆಸರಿನ ಕೆಲಸ. ಪರದೆಯ ಮೇಲಿನ ಚಿತ್ರವನ್ನು ಕ್ಷಣಕ್ಷಣಕ್ಕೂ ಬರೆಯುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಇವೆರಡರಲ್ಲಿ ಯಾವುದು ಹಿಂದೆ ಬಿದ್ದರೂ ಆಟ ಮುಗ್ಗರಿಸುತ್ತದೆ.

ಚಿಕಿತ್ಸೆಗೆ ಮೊದಲು ರೋಗನಿದಾನ ಆಗಬೇಕಲ್ಲವೇ? ನಮ್ಮ ಬಯಲುಸೀಮೆಯ ಧೂಳಿನಲ್ಲಿ ಎಂಟು ವರ್ಷ ನಿಂತ ಯಂತ್ರದ ಫ್ಯಾನುಗಳೂ ಶಾಖಶೋಷಕದ ರೆಕ್ಕೆಗಳೂ ಮುಚ್ಚಿಹೋಗಿರುತ್ತವೆ. ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಬಿಸಿಯೇರಿದ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುವುದುಂಟು. ಧೂಳು ತೆಗೆದು ಹೊಸ ಪೇಸ್ಟ್ ಹಚ್ಚಲು ತಗಲುವ ವೆಚ್ಚ ಅತ್ಯಲ್ಪ. ಇದಾದ ಮೇಲೆಯೂ ಆಟ ನಿಧಾನವಾಗಿದ್ದರೆ ಒಂದು ಸುಲಭ ಪರೀಕ್ಷೆಯಿದೆ. ಆಟದ ಸೆಟ್ಟಿಂಗಿನಲ್ಲಿ ಚಿತ್ರದ ರೆಸಲ್ಯೂಶನ್ನನ್ನು ಬಹಳಷ್ಟು ಇಳಿಸಿ ನೋಡಬೇಕು. ಸೆಕೆಂಡಿಗೆ ಬರುವ ಚೌಕಟ್ಟುಗಳ ಸಂಖ್ಯೆ ಚೆನ್ನಾಗಿ ಏರಿದರೆ ದೋಷವು ಗ್ರಾಫಿಕ್ಸ್ ಕಾರ್ಡಿನದು. ಏರದೆ ಅಷ್ಟಕ್ಕೇ ನಿಂತರೆ ಪ್ರೊಸೆಸರಿನದು. ಪರದೆಯು 60 ಹರ್ಟ್ಸಿನದಾಗಿದ್ದರೆ ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚೌಕಟ್ಟುಗಳನ್ನು ಅದು ತೋರಿಸಲಾರದು ಎಂಬುದನ್ನೂ ನೆನಪಿಡಬೇಕು. ಮಾನಿಟರಿನ ಕೊರತೆಯನ್ನು ಕಾರ್ಡಿನ ಮೇಲೆ ಹೊರಿಸುವವರೂ ಇದ್ದಾರೆ.

ಹಾರ್ಡ್ ಡಿಸ್ಕನ್ನು ಬಿಟ್ಟು ಎಸ್.ಎಸ್.ಡಿ.ಗೆ ಹೋಗುವುದರ ವಿಷಯದಲ್ಲಿ ಚರ್ಚೆಯೇ ಬೇಡ. ತಿರುಗುವ ತಟ್ಟೆಯ ಮೇಲೆ ಮಾಹಿತಿಯನ್ನು ಹುಡುಕಲು ಪ್ರತಿ ಸಲವೂ ಕೆಲವು ಮಿಲಿಸೆಕೆಂಡುಗಳು ಬೇಕು, ಎಸ್.ಎಸ್.ಡಿ.ಯಲ್ಲಿ ತಿರುಗುವುದೇ ಏನೂ ಇಲ್ಲ. ಯಂತ್ರ ಏಳುವ ವೇಳೆ ನಿಮಿಷಗಳಿಂದ ಸೆಕೆಂಡುಗಳಿಗೆ ಇಳಿಯುತ್ತದೆ. ರ‍್ಯಾಮ್ ಒಂದೇ ಪಟ್ಟಿಯಾಗಿದ್ದರೆ ಅದೇ ಬಗೆಯ ಇನ್ನೊಂದನ್ನು ಸೇರಿಸುವುದರಿಂದ ಪರಿಮಾಣ ದ್ವಿಗುಣವಾಗುವುದಲ್ಲದೆ ಎರಡು ಕಾಲುವೆಗಳಲ್ಲಿ ಮಾಹಿತಿ ಹರಿಯುವಂತಾಗುತ್ತದೆ.

ತೊಡಕು ಆರಂಭವಾಗುವುದು ಗ್ರಾಫಿಕ್ಸ್ ಕಾರ್ಡಿನಿಂದ. 2016ರ ಅಕ್ಟೋಬರಿನಲ್ಲಿ ಬಂದ 1050 ಟಿಐ ಕಾರ್ಡಿನ ದೊಡ್ಡ ಗುಣವೆಂದರೆ ಅದರ ಮಿತಾಹಾರ: 75 ವ್ಯಾಟ್ ಮಾತ್ರ. ಮದರ್‌ಬೋರ್ಡಿನ ಸ್ಲಾಟ್ ಕೊಡಬಲ್ಲುದೂ ಅಷ್ಟೇ ಆದುದರಿಂದ ಅದರ ಅನೇಕ ಮಾದರಿಗಳಿಗೆ ಬೇರೆ ತಂತಿಯೇ ಬೇಕಾಗಿರಲಿಲ್ಲ. ಆದರೆ 2024ರ ಡಿಸೆಂಬರಿನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್’, 2025ರ ‘ಡೂಮ್: ದ ಡಾರ್ಕ್ ಏಜಸ್’ ಮೊದಲಾದ ಆಟಗಳು ಬೆಳಕಿನ ಕಿರಣಗಳನ್ನು ಲೆಕ್ಕಹಾಕುವ ವಿಶೇಷ ಯಂತ್ರಾಂಶವನ್ನು ಕಡ್ಡಾಯವಾಗಿ ಕೇಳುತ್ತವೆ. ಅಂಥ ಆಟಗಳು ಈ ಕಾರ್ಡಿಗೆ ನಿಲುಕುವಂಥವಲ್ಲ. 2025ರ ಅಕ್ಟೋಬರಿನ ತರುವಾಯ ಈ ಪೀಳಿಗೆಯ ಕಾರ್ಡುಗಳಿಗೆ ಹೊಸ ಆಟಗಳಿಗಾಗಿ ಡ್ರೈವರ್ ಒದಗಿಸುವುದನ್ನೂ ತಯಾರಕರು ನಿಲ್ಲಿಸಿ, ಭದ್ರತೆಯ ತಿದ್ದುಪಡಿಗಳಿಗಷ್ಟೇ ಸೀಮಿತಗೊಳಿಸಿದರು.

ಹಾಗೆಂದು ಕಡಿಮೆ ಬೆಲೆಯ ಹೊಸ ಕಾರ್ಡುಗಳೆಲ್ಲ ಹಳೆಯ ಯಂತ್ರಕ್ಕೆ ಒಗ್ಗುತ್ತವೆಂದೇನೂ ಇಲ್ಲ. 2022ರ ಜನವರಿಯಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡು ಮದರ್‌ಬೋರ್ಡಿನೊಡನೆ ಮಾತನಾಡುವುದು ನಾಲ್ಕೇ ದಾರಿಗಳಲ್ಲಿ. ಹೊಸ ಬೋರ್ಡಿನಲ್ಲಿ ಈ ದಾರಿಗಳ ವೇಗ ಹೆಚ್ಚಿರುವುದರಿಂದ ಕೊರತೆ ಅಷ್ಟಾಗಿ ಕಾಣದು; 2017ರ ಬೋರ್ಡಿನಲ್ಲಿ ಪ್ರತಿ ದಾರಿಯ ವೇಗ ಅರ್ಧಕ್ಕಿಳಿಯುವುದರಿಂದ ಆಟ ಎದ್ದುಕಾಣುವಂತೆ ಕುಂಟುತ್ತದೆ. ಇಂಟೆಲ್ ಆರ್ಕ್ ಕಾರ್ಡುಗಳ ಕಥೆ ಇನ್ನೊಂದು ಬಗೆ: ಬೋರ್ಡಿನಲ್ಲಿ ‘ರೀಸೈಜಬಲ್ ಬಾರ್’ ಎಂಬ ಸೌಲಭ್ಯವಿಲ್ಲದಿದ್ದರೆ ಅವು ತಮ್ಮ ಶಕ್ತಿಯ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತವೆ. ಬಡವನ ಯಂತ್ರಕ್ಕೆಂದು ಮಾರುವ ಕಾರ್ಡೇ ಬಡವನ ಯಂತ್ರದಲ್ಲಿ ಸರಿಯಾಗಿ ನಡೆಯದಿರುವುದು ಒಂದು ವಿಪರ್ಯಾಸವೇ ಸರಿ. ಇವುಗಳಿಗೆ ಹೋಲಿಸಿದರೆ 2021ರ ಆರ್‌ಎಕ್ಸ್ 6600 ಹಳೆಯ ಬೋರ್ಡಿನಲ್ಲಿ ಹೆಚ್ಚು ನಷ್ಟವಿಲ್ಲದೆ ನಡೆಯುತ್ತದೆ. ಅದಕ್ಕೆ ಎಂಟು ದಾರಿಗಳೂ 8 ಜಿ.ಬಿ. ಸ್ಮೃತಿಯೂ ಉಂಟು. ಆದರೆ ಅದು ಬೇಡುವುದು 132 ವ್ಯಾಟ್, ಮತ್ತು ಎಸ್.ಎಂ.ಪಿ.ಎಸ್.ನಿಂದ ನೇರವಾಗಿ ಬರುವ ಒಂದು ತಂತಿ.

ಆ ತಂತಿಯು ಕ್ಯಾಬಿನೆಟ್ಟಿನ ಜೊತೆಗೆ ಬಂದ ಅಗ್ಗದ ಎಸ್.ಎಂ.ಪಿ.ಎಸ್.ನಲ್ಲಿ ಇರುವುದೇ ಅಪರೂಪ. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ 450 ವ್ಯಾಟ್ ಎಂದು ಬರೆದಿರಬಹುದು. ಚೀಟಿಯನ್ನಷ್ಟೇ ನಂಬಿ ನಡೆಯತಕ್ಕುದಲ್ಲ. ಬೇರೆ ತಂತಿಗಳಿಂದ ಕೂಡಿಸಿ ಕಾರ್ಡಿಗೆ ವಿದ್ಯುತ್ತು ಕೊಡುವ ಅಡಾಪ್ಟರುಗಳು ಅಂಗಡಿಗಳಲ್ಲಿ ಸಿಗುತ್ತವೆ. ಅವುಗಳನ್ನು ಬಳಸಿ ದುರ್ಬಲವಾದ ಪೆಟ್ಟಿಗೆಯಿಂದ ಹೆಚ್ಚು ವಿದ್ಯುತ್ತು ಎಳೆದರೆ ಕನೆಕ್ಟರು ಕರಗುವುದೂ, ಎಸ್.ಎಂ.ಪಿ.ಎಸ್. ಕೆಡುವಾಗ ಬೋರ್ಡನ್ನೂ ಡಿಸ್ಕನ್ನೂ ತನ್ನೊಡನೆ ಕೆಡಿಸುವುದೂ ಸಂಭವನೀಯ. ಡಿಸ್ಕ್ ಕೆಟ್ಟರೆ ಮಕ್ಕಳ ಪ್ರಬಂಧಗಳೂ ಮನೆಯ ಮದುವೆಯ ಛಾಯಾಚಿತ್ರಗಳೂ ಹೋದಂತೆಯೇ. ‘80 ಪ್ಲಸ್’ ಮುದ್ರೆಯು ವಿದ್ಯುತ್ತು ಎಷ್ಟು ಪೋಲಾಗುತ್ತದೆಂಬುದನ್ನು ಹೇಳುತ್ತದೆಯೇ ಹೊರತು ರಕ್ಷಣೆಯ ಗುಣವನ್ನು ಪೂರ್ತಿಯಾಗಿ ಹೇಳುವುದಿಲ್ಲ. ಆದರೂ ಮುದ್ರೆಯಿಲ್ಲದ್ದಕ್ಕಿಂತ ಮುದ್ರೆಯಿರುವುದು ಲೇಸು. ನನ್ನ ಅಭಿಪ್ರಾಯದಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಮೊದಲು ಹಣ ತೆಗೆದಿಡಬೇಕಾದುದು ಎಸ್.ಎಂ.ಪಿ.ಎಸ್.ಗೆ.

ಇನ್ನು ಪ್ರೊಸೆಸರಿನ ಮಾತು. ಇಲ್ಲಿ ನಿರ್ಣಯವನ್ನು ಕೊಡುವುದು ಮದರ್‌ಬೋರ್ಡು. ಐ5-7400ಕ್ಕೆ ನಾಲ್ಕು ಕೋರ್, ನಾಲ್ಕೇ ಥ್ರೆಡ್. ಇತ್ತೀಚಿನ ಆಟಗಳಿಗೆ ಅದು ಸಾಲದು. 2017ರ ಅಕ್ಟೋಬರಿನಲ್ಲಿಯೇ ಇಂಟೆಲ್ ಎಂಟನೆಯ ಪೀಳಿಗೆಯ ಆರು ಕೋರಿನ ಪ್ರೊಸೆಸರುಗಳನ್ನು ಹೊರತಂದಿತು. ಸಾಕೆಟ್ಟಿನ ಹೆಸರೂ ಅದೇ, ಮುಳ್ಳುಗಳ ಸಂಖ್ಯೆಯೂ 1151. ಹೀಗಿದ್ದರೂ ಹಳೆಯ ಬೋರ್ಡುಗಳಲ್ಲಿ ಅವು ನಡೆಯಲಿಲ್ಲ. ಜನವರಿಯಲ್ಲಿ ಬಂದ ಪ್ರೊಸೆಸರನ್ನು ಕೊಂಡವನ ದಾರಿ ಅಕ್ಟೋಬರಿನಲ್ಲಿ ಮುಚ್ಚಿತು. ಆ ಬೋರ್ಡಿನಲ್ಲಿ ಕೂರಬಲ್ಲ ದೊಡ್ಡ ಪ್ರೊಸೆಸರು ಐ7-7700 ವರ್ಗದ್ದು. ಅದಕ್ಕೂ ಕೋರುಗಳು ನಾಲ್ಕೇ, ಥ್ರೆಡ್ ಮಾತ್ರ ಎಂಟು. ಹಳೆಯ ಸರಕಿನ ಅಂಗಡಿಯಲ್ಲಿ ಅದಕ್ಕೆ ಹಣ ಸುರಿಯುವುದು ಬೀಳುವ ಗೋಡೆಗೆ ಸುಣ್ಣ ಬಳಿದಂತೆ.

ಅದೇ ವರ್ಷದ ಏಪ್ರಿಲಿನಲ್ಲಿ ಬಂದ ಎಎಂಡಿ ರೈಜೆನ್ 5 1600ವನ್ನು ಎಎಂ4 ಸಾಕೆಟ್ಟಿನ ಬೋರ್ಡಿನಲ್ಲಿ ಕೂರಿಸಿಕೊಂಡವನ ಭಾಗ್ಯ ಬೇರೆಯಾಯಿತು. 2022ರಲ್ಲಿ ಆ ಮೊದಲ ಬೋರ್ಡುಗಳಿಗೂ ರೈಜೆನ್ 5000 ಸರಣಿಯ ಪ್ರೊಸೆಸರುಗಳನ್ನು ಹಾಕಲು ಅವಕಾಶ ದೊರೆಯಿತು. ಬೋರ್ಡಿನ ತಯಾರಕರು ಹೊಸ ಬಯಾಸ್ ಒದಗಿಸಿದ್ದರೆ, ಅದೇ ರ‍್ಯಾಮ್, ಅದೇ ಕ್ಯಾಬಿನೆಟ್ ಉಳಿಸಿಕೊಂಡು ಆರು ಕೋರ್, ಹನ್ನೆರಡು ಥ್ರೆಡ್ಡಿನ ರೈಜೆನ್ 5 5600ಕ್ಕೆ ಏರಬಹುದು. ಹಳೆಯ ಪ್ರೊಸೆಸರು ಕುಳಿತಿರುವಾಗಲೇ ಬಯಾಸ್ ಬದಲಾವಣೆ ಆಗಬೇಕು. ಆ ಕೆಲವು ನಿಮಿಷಗಳಲ್ಲಿ ಕರೆಂಟು ಹೋದರೆ ಬೋರ್ಡೇ ನಿರುಪಯುಕ್ತವಾಗಬಹುದಾದ್ದರಿಂದ ಯು.ಪಿ.ಎಸ್. ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಇದರ ಜೊತೆಗೆ ವಿಂಡೋಸಿನ ಪ್ರಶ್ನೆಯೊಂದಿದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಬೇಕು; ಐ5-7400 ಆಗಲಿ, ರೈಜೆನ್ 5 1600 ಆಗಲಿ ಅದರ ಅಧಿಕೃತ ಪಟ್ಟಿಯಲ್ಲಿಲ್ಲ, 5600 ಇದೆ. ಬ್ಯಾಂಕಿನ ವ್ಯವಹಾರವನ್ನು ಅದೇ ಯಂತ್ರದಲ್ಲಿ ಮಾಡುವ ಮನೆಯವರು ಇದನ್ನು ಉಪೇಕ್ಷಿಸಲಾಗದು. ಲಿನಕ್ಸ್ ಹಾಕಿದರೆ ಭದ್ರತೆಯ ಚಿಂತೆ ತಪ್ಪುತ್ತದೆ, ವಿಂಡೋಸಿನ ಎಷ್ಟೋ ಆಟಗಳೂ ಅದರಲ್ಲಿ ನಡೆಯುತ್ತವೆ. ಆದರೆ ಹುಡುಗರು ಮೆಚ್ಚುವ ‘ವ್ಯಾಲೊರಂಟ್’ ಅದರಲ್ಲಿ ನಡೆಯದು.

ಹೀಗೆ ನೋಡಿದರೆ, ಯಾವ ಭಾಗವನ್ನು ಕೊಂಡರೂ ಅದು ಮುಂದಿನ ಯಂತ್ರಕ್ಕೂ ಜೊತೆಯಲ್ಲಿ ಹೋಗುವುದೇ ಎಂದು ಕೇಳಿಕೊಳ್ಳುವುದೇ ಸರಿಯಾದ ಅಳತೆ. ಎಸ್.ಎಸ್.ಡಿ., ಒಳ್ಳೆಯ ಎಸ್.ಎಂ.ಪಿ.ಎಸ್., ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಹೋಗುತ್ತವೆ. ಏಳನೆಯ ಪೀಳಿಗೆಯ ಪ್ರೊಸೆಸರು ಹೋಗುವುದಿಲ್ಲ. ಡಿ.ಡಿ.ಆರ್.4 ರ‍್ಯಾಮ್ ಎಎಂ4 ಬೋರ್ಡಿಗೆ ಹೋಗುತ್ತದೆ, 2022ರಿಂದ ಬಂದ ಎಎಂ5 ಬೋರ್ಡಿಗೆ ಹೋಗುವುದಿಲ್ಲ, ಅಲ್ಲಿ ಡಿ.ಡಿ.ಆರ್.5 ಒಂದೇ ಗತಿ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಸ್ಮೃತಿಯ ಚಿಪ್ಪುಗಳನ್ನು ಸೆಳೆದುಕೊಂಡು ರ‍್ಯಾಮಿನ ಬೆಲೆ ತೀವ್ರವಾಗಿ ಏರಿದುದರಿಂದ ಕೈಯಲ್ಲಿರುವ ಡಿ.ಡಿ.ಆರ್.4 ಪಟ್ಟಿಯೂ ಒಂದು ಆಸ್ತಿಯೆನಿಸಿತು. ಎಎಂ4 ಯಂತ್ರವುಳ್ಳವರು ನಿಸ್ಸಂದೇಹವಾಗಿ ಜೀರ್ಣೋದ್ಧಾರದ ಮಾರ್ಗವನ್ನೇ ಹಿಡಿಯಬಹುದು. ಐ5-7400 ಉಳ್ಳವರು ಎಸ್.ಎಂ.ಪಿ.ಎಸ್. ಮತ್ತು ಕಾರ್ಡನ್ನು ಈ ವರ್ಷ ಕೊಂಡು, ಬೋರ್ಡು, ಪ್ರೊಸೆಸರುಗಳನ್ನು ಹಣ ಕೂಡಿದಾಗ ಬದಲಾಯಿಸುವುದು ಮೇಲು. ಹಳೆಯ ರ‍್ಯಾಮನ್ನು ಒಪ್ಪುವ ಎಎಂ4 ಬೋರ್ಡನ್ನೇ ಆಗ ಆರಿಸಿದರೆ ಖರ್ಚು ಇನ್ನೂ ತಗ್ಗುತ್ತದೆ. ಹೆಸರಾಂತ ಕಂಪನಿಗಳ ಸಿದ್ಧ ಯಂತ್ರವುಳ್ಳವರು ಮಾತ್ರ ಮೊದಲು ಕ್ಯಾಬಿನೆಟ್ ತೆರೆದು ನೋಡಬೇಕು. ಅವುಗಳಲ್ಲಿ ಅನೇಕಕ್ಕೆ ಬೋರ್ಡಿನ ಆಕಾರವೂ ಎಸ್.ಎಂ.ಪಿ.ಎಸ್.ನ ಕನೆಕ್ಟರೂ ಬೇರೆಯೇ ಆಗಿರುತ್ತವೆ.

ಬದಲಾವಣೆಯ ನಂತರ ಉಳಿಯುವ ಹಳೆಯ ಬೋರ್ಡು, ಪ್ರೊಸೆಸರುಗಳಿಗೆ ಒಂದು ಸಣ್ಣ ಎಸ್.ಎಸ್.ಡಿ.ಯನ್ನೂ ರ‍್ಯಾಮನ್ನೂ ಕೂಡಿಸಿ ಲಿನಕ್ಸ್ ಹಾಕಿದರೆ ಶಾಲೆಯ ಪ್ರಯೋಗಾಲಯದಲ್ಲಿ ಟೈಪಿಂಗ್, ಪ್ರೋಗ್ರಾಮಿಂಗ್ ಕಲಿಸಲು ಅದು ಧಾರಾಳವಾಗಿ ಸಾಕು. ಹಾಗೆ ಕೊಡುವ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಡಿಸ್ಕಿನಲ್ಲಿರುವ ಫೈಲುಗಳನ್ನು ಡಿಲೀಟ್ ಮಾಡಿದ ಮಾತ್ರಕ್ಕೆ ಅಳಿದವೆಂದು ತಿಳಿಯಬಾರದು. ಡಿಸ್ಕನ್ನು ಪೂರ್ತಿಯಾಗಿ ಮೇಲ್ಬರೆದು ಒರೆಸಬೇಕು. ಬಯಾಸಿಗೆ ಪಾಸ್‌ವರ್ಡ್ ಹಾಕಿದ್ದರೆ ಅದನ್ನು ತೆಗೆದೇ ಕೊಡಬೇಕು. ಪೂರ್ತಿ ಕೆಟ್ಟ ಭಾಗಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ಸೇರತಕ್ಕವು. ಅವನ್ನು ಶಾಲೆಗೆ ಕಳುಹಿಸುವ ಅಗತ್ಯವಿಲ್ಲ.