ಮನೆಯಲ್ಲಿ ತೋಟಾ ತುಂಬುವವರ ಮೊದಲ ಸಲಕರಣೆಗಳು

ಮಕ್ಕಳೋ ಅಳಿಯಂದಿರೋ ಅಮೆರಿಕದಲ್ಲಿ ನೆಲೆಸಿರುವ ಸದಸ್ಯರು ಕೆಲವರು ನಮ್ಮನ್ನು ಆಗಾಗ ಕೇಳುವುದುಂಟು: ಅಲ್ಲಿ ಕೋವಿ ಇಟ್ಟುಕೊಂಡವರು ಹೊಡೆದು ಖಾಲಿಯಾದ ತೋಟಾವನ್ನು ಎಸೆಯದೆ, ಮನೆಯಲ್ಲೇ ಮತ್ತೆ ಮದ್ದುಗುಂಡು ತುಂಬಿಕೊಳ್ಳುತ್ತಾರಂತೆ, ಅದಕ್ಕೆ ಏನೇನು ಬೇಕು, ಹೊಸಬನು ಮೊದಲು ಯಾವುದನ್ನು ಕೊಳ್ಳುತ್ತಾನೆ, ನಮ್ಮಲ್ಲೂ ಅದು ಆದೀತೇ? ಬೆಳೆ ರಕ್ಷಣೆಗೆಂದು ಕೋವಿ ಇರುವ ಮನೆಗಳು ನಮ್ಮ ಸದಸ್ಯರಲ್ಲಿ ಕಡಿಮೆಯೇನಲ್ಲವಾದುದರಿಂದ ಈ ಸಲ ಅದನ್ನೇ ಪಾಠವಾಗಿ ತೆಗೆದುಕೊಂಡಿದ್ದೇವೆ.

ಕೊನೆಯ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಮೆರಿಕದ ಕೇಂದ್ರ ಕಾನೂನಿನಂತೆ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಪರವಾನಗಿ ಬೇಡ. ಮಾರಾಟಕ್ಕೆ ತಯಾರಿಸುವವನಿಗೆ ಬೇಕು. ನಮ್ಮ ದೇಶದಲ್ಲಿ ಹಾಗಲ್ಲ. 1959ರ ಆಯುಧ ಕಾಯಿದೆಯ 5ನೇ ಕಲಮಿನಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಅಷ್ಟೇ ಅಲ್ಲ, ಅದೇ ಕಾಯಿದೆಯ 2ನೇ ಕಲಮಿನಲ್ಲಿ ‘ಮದ್ದುಗುಂಡು’ ಎಂಬ ಪದದ ಅರ್ಥದೊಳಗೆ ಅದರ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರವನ್ನೂ ಸೇರಿಸಿದ್ದಾರೆ. ಆದ್ದರಿಂದ ಒಂದು ಗ್ರಾಂ ಮದ್ದಿಲ್ಲದಿದ್ದರೂ ಬರಿಯ ಯಂತ್ರವೇ ತೊಂದರೆಗೆ ಸಾಕು. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ತಯಾರಿಕೆಗೆ ಶಿಕ್ಷೆ 7 ವರ್ಷಕ್ಕೆ ಕಡಿಮೆಯಿಲ್ಲದೆ ಜೀವಾವಧಿಯವರೆಗೂ ಹೋಗಬಹುದು. ಕೊಡಗಿನವರಿಗೆ 2019ರ ಅಧಿಸೂಚನೆಯಿಂದ 2029ರ ಅಕ್ಟೋಬರ್‌ವರೆಗೆ ಸಿಕ್ಕಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಹಾಗೂ ಒಯ್ಯುವುದಕ್ಕೆ ಸಂಬಂಧಿಸಿದ್ದು. ತಯಾರಿಕೆಗೆ ಅದು ಅನ್ವಯಿಸದು. ಇನ್ನು ಮುಂದೆ ಹೇಳುವುದೆಲ್ಲ ಅಮೆರಿಕದ ಮಾತು ಎಂದು ಓದಿಕೊಳ್ಳತಕ್ಕದ್ದು.

ಒಂದು ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೇಸು, ಅದರ ತಳದ ಕೇಪು, ಒಳಗಿನ ಮದ್ದು, ಮುಂದಿನ ಗುಂಡು. ಹೊಡೆದ ಮೇಲೆ ಉಳಿಯುವುದು ಕೇಸು ಒಂದೇ. ನಾಲ್ಕರಲ್ಲಿ ಹೆಚ್ಚು ಬೆಲೆಯದು ಬಹುಮಟ್ಟಿಗೆ ಅದೇ ಆದುದರಿಂದ ಅದನ್ನು ಉಳಿಸಿಕೊಳ್ಳುವ ಆಸೆ ಸಹಜ. ಆದರೆ ಈಡು ಹಾರಿದಾಗ ಒಳಗಿನ ಒತ್ತಡಕ್ಕೆ ಕೇಸು ಉಬ್ಬಿ ನಳಿಗೆಯ ಗೋಡೆಗೆ ಅಂಟಿರುತ್ತದೆ. ಅದನ್ನು ಮೊದಲಿನ ಅಳತೆಗೆ ಒತ್ತಿ, ಹಳೆಯ ಕೇಪನ್ನು ತೆಗೆದು ಹೊಸದನ್ನು ಕೂರಿಸಿ, ಮದ್ದು ಹಾಕಿ, ಗುಂಡನ್ನು ಬಾಯಿಗೆ ಇಳಿಸಬೇಕು. ಸಲಕರಣೆಗಳೆಲ್ಲ ಈ ಕೆಲಸಗಳಿಗಾಗಿಯೇ.

ಹೊಸಬರ ಕಣ್ಣು ಮೊದಲು ಬೀಳುವುದು ಒತ್ತು ಯಂತ್ರದ ಮೇಲೆ, ಅಂದರೆ ಪ್ರೆಸ್ಸಿನ ಮೇಲೆ. ನಮ್ಮ ಅಭಿಪ್ರಾಯದಲ್ಲಿ ದುಡ್ಡು ಮೊದಲು ಹೋಗಬೇಕಾದದ್ದು ತಕ್ಕಡಿಗೆ ಮತ್ತು ಪುಸ್ತಕಕ್ಕೆ. ಮದ್ದಿನ ತೂಕವನ್ನು ಅವರು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಪೌಂಡಿಗೆ 7,000 ಗ್ರೇನ್. ಒಂದು ಗ್ರಾಮಿಗೆ ಸುಮಾರು 15.4. ಪಾಯಿಂಟ್ 38 ಸ್ಪೆಷಲ್ ಎಂಬ ರಿವಾಲ್ವರ್ ತೋಟಾಕ್ಕೆ ಬೀಳುವ ಮದ್ದು ನಾಲ್ಕೈದು ಗ್ರೇನ್ ಆಸುಪಾಸಿನದು. ಅಲ್ಲಿ ಅರ್ಧ ಗ್ರೇನ್ ತಪ್ಪಿದರೆ ನೂರಕ್ಕೆ ಹತ್ತು ತಪ್ಪಿದ ಹಾಗೆ. ಅಡಿಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಗ್ರಾಂ ಗ್ರಾಮಾಗಿ ತೋರಿಸುವಂಥದು. ಇಲ್ಲಿ ಅದು ಏನೂ ಪ್ರಯೋಜನವಿಲ್ಲ. ಗ್ರೇನಿನ ಹತ್ತನೇ ಒಂದು ಭಾಗವನ್ನು, ಅಂದರೆ ಸುಮಾರು ಆರೂವರೆ ಮಿಲಿಗ್ರಾಮನ್ನು, ತೋರಿಸುವ ತಕ್ಕಡಿಯೇ ಬೇಕು. ಕೈತೂಗಿನ ದಂಡದ ತಕ್ಕಡಿ ನಿಧಾನ, ಆದರೆ ಬ್ಯಾಟರಿಯ ಹಂಗಿಲ್ಲ. ಎಲೆಕ್ಟ್ರಾನಿಕ್ ಬೇಗ, ಫ್ಯಾನಿನ ಗಾಳಿಗೂ ಚಳಿ-ಸೆಕೆಗೂ ಅದರ ಅಂಕಿ ಓಡಾಡುತ್ತದೆ. ಯಾವುದಾದರೂ ಸರಿಯೇ, ಜೊತೆಗೆ ಪರೀಕ್ಷೆಯ ತೂಕದ ಬೊಟ್ಟುಗಳಿರಬೇಕು ಮತ್ತು ಪ್ರತಿ ಸಲ ಕೂರುವ ಮುನ್ನ ಸೊನ್ನೆ ನೋಡಿಕೊಳ್ಳಬೇಕು. ಕಾಫಿ ಡಿಪೋದಲ್ಲಿ ತಕ್ಕಡಿಯ ಸೊನ್ನೆಯನ್ನು ನೋಡದೆ ಚೀಲ ಇಡಲು ಒಪ್ಪದ ನಮ್ಮ ಬೆಳೆಗಾರರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಕೇಪಿನ ಕೋವಿ ಬಲ್ಲ ಹಿರಿಯರಿಗೆ ಇಲ್ಲಿ ಒಂದು ಮಾತು. ನಮ್ಮಲ್ಲಿ ಕರಿಮದ್ದನ್ನು ಬೆರಳಿನ ಲೆಕ್ಕದಲ್ಲೋ ಬಿದಿರಿನ ಅಳತೆಯಲ್ಲೋ ನಳಿಗೆಗೆ ಹಾಕಿ ರೂಢಿ. ತೋಟಾದಲ್ಲಿರುವುದು ಹೊಗೆರಹಿತ ಮದ್ದು. ಬಣ್ಣ ಕೆಲವೊಮ್ಮೆ ಒಂದೇ ತರ ಕಂಡರೂ ಜಾತಿಯೇ ಬೇರೆ. ಅದೇ ಅಳತೆಯಲ್ಲಿ ಅದು ಹುಟ್ಟಿಸುವ ಒತ್ತಡ ಹಲವು ಪಟ್ಟು ಹೆಚ್ಚು. ತೋಟಾ ಬಿಚ್ಚಿ ಅದರ ಮದ್ದನ್ನು ಕೇಪಿನ ಕೋವಿಗೆ ಸುರಿದರೆ ನಳಿಗೆ ಸಿಡಿದು ಕೈಯೋ ಕಣ್ಣೋ ಹೋಗುತ್ತದೆ. ಇದು ಅಮೆರಿಕದ ಮಾತಲ್ಲ, ನಮ್ಮ ತೋಟಗಳಿಗೇ ಹೇಳಿದ್ದು.

ಪುಸ್ತಕ ಎಂದೆವಷ್ಟೆ. ಲೈಮನ್, ಹಾರ್ನಡಿ ಮೊದಲಾದ ಕಂಪನಿಗಳು ಕೈಪಿಡಿಗಳನ್ನು ಅಚ್ಚು ಹಾಕುತ್ತವೆ. ಯಾವ ಕೇಸಿಗೆ, ಯಾವ ತೂಕದ ಗುಂಡಿಗೆ, ಯಾವ ಹೆಸರಿನ ಮದ್ದು ಎಷ್ಟರಿಂದ ಆರಂಭ, ಎಷ್ಟಕ್ಕೆ ಕೊನೆ ಎಂಬುದು ಪರೀಕ್ಷೆ ಮಾಡಿದ ಕೋಷ್ಟಕಗಳಲ್ಲಿರುತ್ತದೆ. ಹೊಸಬನು ಆರಂಭದ ತೂಕದಿಂದ ಹೊರಟು ಸ್ವಲ್ಪ ಸ್ವಲ್ಪವೇ ಏರಬೇಕು; ಒಂದು ಮದ್ದಿನ ಲೆಕ್ಕವನ್ನು ಇನ್ನೊಂದಕ್ಕೆ ಹಾಕಬಾರದು. ಪಕ್ಕದ ಮನೆಯವನು ಚೀಟಿಯಲ್ಲಿ ಬರೆದುಕೊಟ್ಟ ಲೆಕ್ಕ ಪಕ್ಕದ ಮನೆಯ ಕೋವಿಗೇ ಇರಲಿ.

ಈಗ ಪ್ರೆಸ್. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ‘ಐಡಿಯಲ್’ ಕಂಪನಿ ಮಾಡುತ್ತಿದ್ದ ಇಕ್ಕಳ ನೋಡಲು ಹೆಚ್ಚು ಕಡಿಮೆ ನಮ್ಮ ಅಡಕತ್ತರಿಯ ಹಾಗಿತ್ತು. ಕೈಯಲ್ಲಿ ಹಿಡಿದು ಅದುಮುತ್ತಿದ್ದರು. 1958ರಲ್ಲಿ ರಿಚರ್ಡ್ ಲೀ ಎಂಬವರು ಸುತ್ತಿಗೆಯಿಂದ ತಟ್ಟಿ ತುಂಬುವ ಪುಟ್ಟ ಪೆಟ್ಟಿಗೆಯೊಂದನ್ನು ಹೊರತಂದರು. ಈಗಿನ ಪ್ರೆಸ್‌ಗಳಲ್ಲಿ ಒಂದು ತುದಿಗೆ ಒಂಟಿ ಕೆಲಸದ್ದು, ಮತ್ತೊಂದು ತುದಿಗೆ ಸನ್ನೆ ಎಳೆದಂತೆಲ್ಲ ಒಂದೊಂದು ತೋಟಾ ಉದುರಿಸುವ ಬಹುಕೆಲಸದ್ದು. ಎರಡನೆಯದರಲ್ಲಿ ನಾಲ್ಕೈದು ಕೆಲಸ ಏಕಕಾಲಕ್ಕೆ ನಡೆಯುವುದರಿಂದ ಎಲ್ಲಿ ಏನು ತಪ್ಪಿತೆಂದು ಕಲಿಯುವವನಿಗೆ ತಿಳಿಯುವುದೇ ಇಲ್ಲ. ಒಂಟಿ ಪ್ರೆಸ್ಸಿನಲ್ಲಿ ಐವತ್ತು ಕೇಸುಗಳಿಗೆ ಒಂದೇ ಕೆಲಸ ಮುಗಿಸಿ, ತೂತು ಕೊರೆದ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಮುಂದಿನದಕ್ಕೆ ಹೋಗುತ್ತಾರೆ. ಮದ್ದು ಹಾಕಿದ ಮೇಲೆ ಆ ಹಲಗೆಯ ಮೇಲೆ ದೀಪ ಹಿಡಿದು ಐವತ್ತು ಬಾಯಿಗಳನ್ನೂ ಒಮ್ಮೆ ಇಣುಕಿದರೆ ಯಾವುದರಲ್ಲಿ ಮದ್ದಿಲ್ಲ, ಯಾವುದರಲ್ಲಿ ಎರಡು ಸಲ ಬಿದ್ದಿದೆ ಎಂಬುದು ಕಾಣುತ್ತದೆ. ಮೇಲೆ ಹೇಳಿದ ಪಾಯಿಂಟ್ 38ರ ಕೇಸು ಕರಿಮದ್ದಿನ ಕಾಲದ ತೋಟಾದಿಂದ ಬೆಳೆದು ಬಂದದ್ದು, ಒಳಗೆ ಜಾಗ ಧಾರಾಳ. ಎರಡು ಪಾಲು ಬಿದ್ದರೂ ತುಳುಕುವುದಿಲ್ಲ. ಹೊಡೆದಾಗಲೇ ಗೊತ್ತಾಗುವುದು! ಆದ್ದರಿಂದ ನಿಧಾನದ ಯಂತ್ರವೇ ಹೊಸಬನಿಗೆ ಸರಿ. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ 1943ರಲ್ಲಿ ಹುಟ್ಟಿದ ಆರ್‌ಸಿಬಿಎಸ್‌ನವರ ‘ರಾಕ್ ಚಕರ್’ ಈ ಬಗೆಯ ಗಟ್ಟಿ ಎರಕದ ಪ್ರೆಸ್ಸಿಗೆ ಹೆಸರುವಾಸಿ. ಮುಂದೆ ದೊಡ್ಡ ಯಂತ್ರ ಕೊಂಡವರೂ ಒಂಟಿಯನ್ನು ಮಾರದೆ ಮೂಲೆಯಲ್ಲಿ ಉಳಿಸಿಕೊಳ್ಳುತ್ತಾರೆ.

ಪ್ರೆಸ್ಸಿಗೆ ತಿರುಗಿಸಿ ಕೂರಿಸುವ ಅಚ್ಚುಗಳನ್ನು ಡೈ ಎನ್ನುತ್ತಾರೆ. ಕೇಸಿನ ಜಾತಿಗೆ ಒಂದೊಂದು ಜೊತೆ. ಬಹುತೇಕ ಕಂಪನಿಗಳು ಮುಕ್ಕಾಲರೆಪಾವು, ಅಂದರೆ ಎಂಟನೇ ಏಳು ಅಂಗುಲದ, ಅಂಗುಲಕ್ಕೆ 14 ಮರೆಯ ಒಂದೇ ಥ್ರೆಡ್ ಇಟ್ಟಿರುವುದರಿಂದ ಒಬ್ಬರ ಡೈ ಇನ್ನೊಬ್ಬರ ಪ್ರೆಸ್ಸಿಗೆ ಕೂರುತ್ತದೆ; ಇದು ಕೊಳ್ಳುವವನಿಗೆ ದೊಡ್ಡ ಅನುಕೂಲ. ಉಕ್ಕಿನ ಡೈಗೆ ಕೇಸನ್ನು ಎಣ್ಣೆ ಸವರದೆ ತುರುಕಿದರೆ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ. ಪಿಸ್ತೂಲಿನ ನೇರ ಕೇಸುಗಳಿಗೆ ಕಾರ್ಬೈಡ್ ಬಳೆಯ ಡೈ ಸಿಗುತ್ತದೆ, ಎಣ್ಣೆಯ ಗೊಡವೆಯಿಲ್ಲ. ನಾಲ್ಕು ಕಾಸು ಹೆಚ್ಚಾದರೂ ಅದೇ ಲೇಸು.

ಕೇಸಿನ ತಳದಲ್ಲಿ ಕಿಡಿ ಹಾಯುವ ರಂಧ್ರ ನಡುವೆ ಒಂದೇ ಇದ್ದರೆ ಬಾಕ್ಸರ್ ಮಾದರಿ, ಮಗ್ಗುಲಲ್ಲಿ ಎರಡಿದ್ದರೆ ಬರ್ಡನ್ ಮಾದರಿ. ಡೈಯ ಸೂಜಿ ಹಳೆಯ ಕೇಪನ್ನು ತಳ್ಳುವುದು ನಡುವಿನ ರಂಧ್ರದಿಂದ. ಎರಡು ರಂಧ್ರದ ಕೇಸಿನಲ್ಲಿ ಸೂಜಿ ಮುರಿಯುತ್ತದೆ. ಬಾಕ್ಸರ್ ಇಂಗ್ಲಿಷಿನವನು, ಬರ್ಡನ್ ಅಮೆರಿಕದವನು. ಆದರೆ ಅಮೆರಿಕದವರು ಹಿಡಿದದ್ದು ಬಾಕ್ಸರನನ್ನು, ಯುರೋಪಿನವರು ಹೆಚ್ಚಾಗಿ ಬರ್ಡನನನ್ನು.

ಇದಲ್ಲದೆ ಉದ್ದ ಅಳೆಯಲು ಕ್ಯಾಲಿಪರ್ ಬೇಕೇ ಬೇಕು. ರೈಫಲ್ ಕೇಸು ಹೊಡೆದಂತೆಲ್ಲ ಕತ್ತಿನಲ್ಲಿ ಉದ್ದವಾಗುವುದರಿಂದ ಕತ್ತರಿಸುವ ಸಾಧನವೂ ಬೇಕು. ಕಣ್ಣಿಗೆ ಕನ್ನಡಕ, ತಪ್ಪಾಗಿ ತುಂಬಿದ್ದನ್ನು ಬಿಚ್ಚಲು ಸುತ್ತಿಗೆಯಂಥ ಒಂದು ಉಪಕರಣ. ಕೇಸು ಹೊಳಪು ಮಾಡುವ ಉರುಳೆಯನ್ನು ನಿಧಾನವಾಗಿ ಕೊಂಡರಾಯಿತು. ಕೇಪುಗಳನ್ನು ಅವು ಬಂದ ಪೊಟ್ಟಣದಲ್ಲೇ ಇಡಬೇಕು. ಗಾಜಿನ ಭರಣಿಗೆ ಸುರಿದಿಟ್ಟರೆ ಒಂದು ಸಿಡಿದು ಎಲ್ಲವೂ ಸಿಡಿಯುತ್ತವೆ. ಮೇಜಿನ ಮೇಲೆ ಒಮ್ಮೆಗೆ ಮದ್ದಿನ ಡಬ್ಬಿ ಒಂದೇ.

ನಮ್ಮವರ ಹನ್ನೆರಡು ಬೋರಿನ ಚರೆ ತೋಟಾಕ್ಕೆ ಸಲಕರಣೆ ಬೇರೆ. ವಿಸ್ಕಾನ್ಸಿನ್‌ನ ಮೇವಿಲ್‌ನ ಮೆಕ್ ಕಂಪನಿಯ ‘600 ಜೂನಿಯರ್’ ಅಲ್ಲಿ ಹೊಸಬರ ಯಂತ್ರ. ಮದ್ದೂ ಚರೆಯೂ ತೂಕವಾಗದೆ ಅಚ್ಚಿನ ಗುಳಿಯ ಅಳತೆಯಲ್ಲಿ ಬೀಳುತ್ತವೆ. ಆದರೂ ಆ ಗುಳಿ ಹೇಳಿದಷ್ಟನ್ನೇ ಹಾಕುತ್ತಿದೆಯೇ ಎಂದು ತಿಳಿಯಲು ತಕ್ಕಡಿ ಬೇಕು. ಕವಚ, ಕೇಪು, ಮದ್ದು, ನಡುವಣ ಬಿಲ್ಲೆ, ಚರೆ ಐದೂ ಕೋಷ್ಟಕದಲ್ಲಿ ಇದ್ದಂತೆಯೇ ಇರಬೇಕು. ಬಿಲ್ಲೆ ಒಂದನ್ನು ಬದಲಿಸಿದರೂ ಒತ್ತಡ ಬದಲಾಗುತ್ತದೆ.

ಬೇಸಿಗೆ ರಜೆಗೆ ಊರಿಗೆ ಬರುವ ಮಕ್ಕಳು ಏನಾದರೂ ತರಲೇ ಎಂದು ಕೇಳಿದರೆ ಪ್ರೆಸ್, ಡೈ, ಕೇಸು, ಕೇಪು ಯಾವುದೂ ಪೆಟ್ಟಿಗೆಯಲ್ಲಿ ಬರಕೂಡದೆಂದು ಮೊದಲೇ ಹೇಳಿಡುವುದು. ಕ್ಯಾಲಿಪರ್ ಬೇಕಾದರೆ ತರಲಿ. ಪಂಪಿನ ಬೇರಿಂಗ್ ಸವೆದಿದೆಯೇ ನೋಡಲು ಆಗುತ್ತದೆ.