ಹಲವು ಕರೆನ್ಸಿ, ಒಂದೇ ಡ್ಯಾಶ್‌ಬೋರ್ಡ್: ವಿನಿಮಯ ದರದ ಲೆಕ್ಕ

ರಫ್ತು ಕಂಪನಿಯೊಂದು ಎರಡು ವರ್ಷವೂ ತಲಾ 1 ಲಕ್ಷ ಡಾಲರ್ ಮಾರಾಟ ಮಾಡಿತೆನ್ನಿ. ಮೊದಲ ವರ್ಷ ಡಾಲರಿಗೆ 83 ರೂಪಾಯಿ, ಮರುವರ್ಷ 86 ಇದ್ದರೆ ಡ್ಯಾಶ್‌ಬೋರ್ಡ್ ಸುಮಾರು 3.6% ಬೆಳವಣಿಗೆ ತೋರಿಸುತ್ತದೆ. ವ್ಯಾಪಾರವೇನೋ ಇದ್ದಲ್ಲೇ ಇದೆ. ಇನ್ಫೋಸಿಸ್‌ನಂಥ ಕಂಪನಿಗಳು ತ್ರೈಮಾಸಿಕ ಫಲಿತಾಂಶದಲ್ಲಿ ‘ಸ್ಥಿರ ಕರೆನ್ಸಿ’ ಬೆಳವಣಿಗೆಯನ್ನು ಪ್ರತ್ಯೇಕವಾಗಿ ಕೊಡುವುದು ಇದಕ್ಕೇ. ಹಿಂದಿನ ಅವಧಿಯ ದರದಲ್ಲೇ ಈಗಿನ ವರಮಾನವನ್ನೂ ಅಳೆದರೆ ದರದ ಆಟ ಕಳೆದು ವ್ಯಾಪಾರದ ಏರಿಳಿತ ಉಳಿಯುತ್ತದೆ.

ಎಲ್ಲವನ್ನೂ ಇಂದಿನ ದರಕ್ಕೆ ತಂದರೆ ಸಾಲದೇ ಎನ್ನುವವರಿದ್ದಾರೆ. ಹೋಲಿಕೆಗೆ ಅದು ಸಾಕು, ಆದರೆ ಹೋದ ವರ್ಷದ ಅಂಕಿ ದಿನಕ್ಕೊಂದು ಆಗಿ, ಲೆಕ್ಕಪರಿಶೋಧಿತ ಪುಸ್ತಕಕ್ಕೆ ತಾಳೆಯಾಗುವುದಿಲ್ಲ. ಭಾರತೀಯ ಲೆಕ್ಕಪತ್ರ ಮಾನದಂಡ 21ರ ಪ್ರಕಾರ ವಿದೇಶಿ ಕರೆನ್ಸಿಯ ಮಾರಾಟಕ್ಕೆ ವಹಿವಾಟಿನ ದಿನದ ದರ (ದರ ತೀರಾ ಏರಿಳಿಯದಿದ್ದರೆ ಸರಾಸರಿಯೂ ನಡೆದೀತು), ಬರಬೇಕಾದ ಬಾಕಿಗೆ ವರ್ಷಾಂತ್ಯದ ದರ. ಆದ್ದರಿಂದ ದತ್ತಾಂಶದಲ್ಲಿ ಮೂಲ ಮೊತ್ತ, ಕರೆನ್ಸಿಯ ಐಎಸ್‌ಒ 4217 ಮೂರಕ್ಷರದ ಸಂಕೇತ ಮತ್ತು ಆ ದಿನದ ದರ ಮೂರೂ ಇರಲೇಬೇಕು. ಎಲ್ಲ ಕರೆನ್ಸಿಗೂ ಎರಡೇ ದಶಮಾಂಶ ಎಂದುಕೊಳ್ಳುವುದೂ ತಪ್ಪು: ಜಪಾನಿನ ಯೆನ್‌ಗೆ ದಶಮಾಂಶವೇ ಇಲ್ಲ, ಕುವೈತ್ ದಿನಾರಿಗೆ ಮೂರು. ದಿನದ ದರಕ್ಕೆ ಆಧಾರವಾಗಿ ಬಳಸಬಹುದಾದ ಉಲ್ಲೇಖ ದರವನ್ನು ಭಾರತದಲ್ಲಿ 2018ರ ಜುಲೈವರೆಗೆ ರಿಸರ್ವ್ ಬ್ಯಾಂಕ್ ಪ್ರಕಟಿಸುತ್ತಿತ್ತು, ಈಗ ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ (ಎಫ್‌ಬಿಐಎಲ್) ಪ್ರಕಟಿಸುತ್ತದೆ. ಇನ್ನು ಸ್ಥಿರ ಕರೆನ್ಸಿಯ ಲೆಕ್ಕ ನಿಜವಾದ ಲಾಭವನ್ನೇ ಮುಚ್ಚುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಸಂಬಳ ರೂಪಾಯಿಯಲ್ಲಿ, ಆದಾಯ ಡಾಲರಿನಲ್ಲಿ ಇರುವ ಬೆಂಗಳೂರಿನ ಕಂಪನಿಗೆ ರೂಪಾಯಿ ಕುಸಿದಾಗ ಕೈಗೆ ಬರುವ ಹಣ ಸುಳ್ಳಲ್ಲ. ಹಾಗಾಗಿ ನಿಜ ದರದ ಮತ್ತು ಸ್ಥಿರ ಕರೆನ್ಸಿಯ ಎರಡೂ ಅಂಕಿಗಳನ್ನು ಅಕ್ಕಪಕ್ಕ ತೋರಿಸಿ, ವ್ಯತ್ಯಾಸವನ್ನು ‘ವಿನಿಮಯ ಪರಿಣಾಮ’ ಎಂಬ ಬೇರೆ ಸಾಲಿನಲ್ಲಿ ಇಡುವುದೇ ಸರಿ.